ದೊಡ್ಡವ್ವನಿಗೆ ಸಿನಿಮಾ ಹೇಳಿದ ಭಾನುವಾರ

ಅವರೆಕಾಯಿ ಕಾಲದಲ್ಲಿ ದೊಡ್ಡವ್ವ ಮಂಡ್ಯದಿಂದ ಮೈಸೂರಿಗೆ ಬಂದೇ ಬರುತ್ತಾರೆ. ಈ ಸಲವೂ ಎರಡು ಚೀಲ ತಂದಿದ್ದರು. ಒಂದರಲ್ಲಿ ಸೊಗಡಿನ ಅವರೆಕಾಯಿ, ಇನ್ನೊಂದರಲ್ಲಿ ಆಲೆಮನೆಯ ಅಚ್ಚುಬೆಲ್ಲ. ಅವರೆಕಾಯಿ ನಮಗೆ. ಬೆಲ್ಲ ಯಾರಿಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ‘ಮಿಸಿಸಿಪ್ಪಿ ಮಸಾಲಾ’ ಹಾಕಿಕೊಂಡು ಕೂತೆ. ಮೀರಾ ನಾಯರ್ 1991ರಲ್ಲಿ ಮಾಡಿದ್ದು. ದೊಡ್ಡವ್ವ ನೆನೆಸಿದ ಕಾಳಿನ ಪಾತ್ರೆ ತಂದು ಪಕ್ಕದಲ್ಲೇ ಕೂತು ಹಿತುಕಲು ಶುರು ಮಾಡಿದರು.

“ಕಥೆ ಏನು ಅಂತ ಹೇಳ್ಲಾ ಮಗ. ಸುಮ್ನೆ ಬೊಂಬೆ ನೋಡ್ದಂಗೆ ನೋಡಾಕಾಯ್ತದಾ?”

ಹೇಳಲು ಹೊರಟೆ. ಉಗಾಂಡದಲ್ಲಿ ಜೇ ಅನ್ನೋ ಗುಜರಾತಿ ಲಾಯರು, ಹೆಂಡತಿ, ಒಬ್ಬಳೇ ಮಗಳು ಮೀನಾ. 1972ರಲ್ಲಿ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾದವರಿಗೆಲ್ಲ 90 ದಿನದಲ್ಲಿ ದೇಶ ಬಿಡಿ ಅಂದ.

“ಮನೆಮಠ ಮಾಡ್ಕೊಂಡೋರಿಗೆ ಮೂರೇ ತಿಂಗಳಾ?” ದೊಡ್ಡವ್ವನಿಗೆ ಸಿಟ್ಟು ಬಂತು.

ಕೊನೆಗೆ ಆ ಸಂಸಾರ ಬಂದು ಸೇರುವುದು ಅಮೆರಿಕದ ಮಿಸಿಸಿಪ್ಪಿಗೆ, ನೆಂಟರ ಮೋಟೆಲಿಗೆ. ಮೋಟೆಲ್ ಅಂದ್ರೆ ಬೈಪಾಸ್ ಪಕ್ಕದ ಲಾಡ್ಜು ಅಂದೆ. ತಾಯಿ, ಅಂದರೆ ಶರ್ಮಿಳಾ ಟಾಗೋರ್, ಬ್ರಾಂದಿ ಅಂಗಡಿ ನಡೆಸುತ್ತಾಳೆ. “ಪರ್ವಾಗಿಲ್ವೆ!” ಅಂದರು. ಮೀನಾಳ ಬಣ್ಣ ಕಪ್ಪು, ಮೇಲೆ ದುಡ್ಡೂ ಇಲ್ಲ, ಇವಳಿಗೆ ಅಂಥ ಒಳ್ಳೆ ವರ ಎಲ್ಲಿ ಸಿಗ್ತಾನೆ ಅಂತ ಹೆಂಗಸರು ಆಡಿಕೊಳ್ಳುವ ಮಾತನ್ನು ಹೇಳಿದಾಗ ಅವರೆಕಾಳು ಚೆಲ್ಲುವ ಹಾಗೆ ನಕ್ಕರು. “ಇವ್ರು ನಮ್ಮ ಕಡೆಯೋರೇ ಕನ ಬುಡು.”

ಆಮೇಲೆ ಡೆಂಜೆಲ್ ವಾಷಿಂಗ್‌ಟನ್ ಬಂದ. ಕಾರ್ಪೆಟ್ ತೊಳೆಯುವ ಕೆಲಸ ಮಾಡುವ ಡೆಮಿಟ್ರಿಯಸ್. ಇವನನ್ನು ಏನಂತ ಹೇಳೋದು? ಕರಿಯ ಅನ್ನಲು ನಾಲಿಗೆ ಏಳಲಿಲ್ಲ. ತಡವರಿಸಿದೆ.

“ಕರ್ರಗವ್ನೆ, ಅಷ್ಟೇಯ. ನಿಮ್ ದೊಡ್ಡಪ್ಪ ಏನ್ ಬೆಳ್ಳಗಿದ್ರಾ?”

ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ನಮ್ಮದೇ ಬೀದಿಯಲ್ಲಿ ಮನೆ ಕೇಳಿಕೊಂಡು ಬಂದ ಆಫ್ರಿಕಾದ ವಿದ್ಯಾರ್ಥಿಯೊಬ್ಬನಿಗೆ ‘ಆಗ್ಲೇ ಕೊಟ್ಬಿಟ್ವಿ’ ಅಂದಿದ್ದರು. ಬಾಡಿಗೆಗಿದೆ ಅನ್ನೋ ಬೋರ್ಡು ಮೂರು ತಿಂಗಳು ಅಲ್ಲೇ ತೂಗುತ್ತಿತ್ತು. ನಾನೂ ದಿನಾ ಅದನ್ನು ನೋಡಿಕೊಂಡೇ ಹಾಲು ತರಲು ಹೋಗುತ್ತಿದ್ದೆ.

ಮೀನಾ, ಡೆಮಿಟ್ರಿಯಸ್ ಪ್ರೀತಿಗೆ ಬಿದ್ದು, ಇಬ್ಬರೂ ಸಮುದ್ರದ ಊರಿಗೆ ಹೋಗಿ ನೆಂಟರ ಕೈಗೆ ಸಿಕ್ಕಿಬೀಳುವ ಕಡೆ ನಾನು ಸ್ವಲ್ಪ ಮುಂದೆ ಓಡಿಸಿದೆ. “ಯಾಕ್ಲಾ ಓಡುಸ್ತೀಯ, ನಾನೇನ್ ಎಳೆ ಮಗಾನಾ?” ಅಂತ ಬೈಸಿಕೊಂಡೆ. ಮೋಟೆಲಿನವರು ಆ ಹುಡುಗನಿಗೆ ಕೆಲಸ ಕೊಡುವುದನ್ನೇ ನಿಲ್ಲಿಸಿದರು ಅಂದಾಗ ಅವರು ಹೇಳಿದ್ದು ಇಷ್ಟೇ: “ಹೊಟ್ಟೆ ಮೇಲೆ ಹೊಡುದ್ರು.”

ಪ್ರೀತಿಯ ಕಥೆ ಅಂತಲೇ ನಾನು ಹೇಳುತ್ತಿದ್ದೆ. ದೊಡ್ಡವ್ವ ನೋಡುತ್ತಿದ್ದದ್ದು ಬೇರೆಯೇ. ಉಗಾಂಡದಲ್ಲಿ ಜೇಗೆ ಒಕೆಲೊ ಅಂತ ಗೆಳೆಯ ಇದ್ದ, ಆಡಿ ಬೆಳೆದವನು. ಇನ್ನು ಆಫ್ರಿಕಾ ಕಪ್ಪು ಜನರದ್ದು ಅಂದನಲ್ಲ ಅನ್ನೋ ನೋವಿಗೆ ಜೇ ಹೊರಡುವಾಗ ಅವನಿಗೆ ಮುಖ ಕೊಡಲಿಲ್ಲ. ವರ್ಷಗಳ ಮೇಲೆ ಕಂಪಾಲಾಗೆ ಹೋಗಿ ಹುಡುಕಿದರೆ, ಒಕೆಲೊ ಯಾವತ್ತೋ ಸತ್ತಿದ್ದಾನೆ. ಪಾತ್ರೆಯಲ್ಲಿ ಕೈ ನಿಂತುಹೋಯಿತು. ಹಿತುಕಿದ ಒಂದು ಕಾಳು ಬೆರಳಲ್ಲೇ ಉಳಿಯಿತು.

ದೊಡ್ಡಪ್ಪ ಹೋಗಿ ನಾಲ್ಕು ವರ್ಷ. ಅವರ ಮಗಳು, ನಮ್ಮಕ್ಕ, ಇಲ್ಲೇ ಮೈಸೂರಿನ ಉದಯಗಿರಿಯ ಹುಡುಗನನ್ನು ಮದುವೆಯಾಗಿ ಒಂಬತ್ತು ವರ್ಷ. ಹುಡುಗ ಮುಸ್ಲಿಂ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ 30 ದಿನದ ನೋಟಿಸು ಹಾಕುತ್ತಾರಲ್ಲ, ಅದನ್ನು ಯಾರೋ ನೋಡಿ ಊರಿಗೆ ಫೋನು ಮಾಡಿದ್ದರು. “ಈ ಹೊಸ್ತಿಲು ತುಳೀಬೇಡ” ಅಂದರು ದೊಡ್ಡಪ್ಪ. ಅವರ ಮಣ್ಣಿಗೆ ಬಂದ ಅಕ್ಕ ಹುಣಸೆಮರದ ಹತ್ತಿರವೇ ನಿಂತಿದ್ದಳು. ಯಾರೂ ಒಳಗೆ ಕರೆಯಲಿಲ್ಲ. ಅವಳೂ ಬರಲಿಲ್ಲ.

ವಿಷಯ ಬದಲಿಸೋಣ ಅಂತ ಮೀರಾ ನಾಯರ್ ಬಗ್ಗೆ ಹೇಳಿದೆ. ಈ ಸಿನಿಮಾಕ್ಕೆ ವಿಷಯ ಹುಡುಕಲು ಉಗಾಂಡಕ್ಕೆ ಹೋದಾಗಲೇ ಅವರಿಗೆ ಮಹಮೂದ್ ಮಮ್ದಾನಿ ಪರಿಚಯವಾಗಿದ್ದು. ಅವರೂ 1972ರಲ್ಲಿ ದೇಶ ಬಿಡಬೇಕಾಗಿ ಬಂದವರೇ. ಗುಜರಾತಿ ಮೂಲದ ಮುಸ್ಲಿಮರು, ಈಕೆ ಪಂಜಾಬಿ ಹಿಂದೂ. ಮದುವೆಯಾದರು. ಅವರ ಮಗನೇ 2025ರಲ್ಲಿ ನ್ಯೂಯಾರ್ಕ್ ಮೇಯರ್ ಚುನಾವಣೆ ಗೆದ್ದದ್ದು. ವಿಷಯ ಬದಲಿಸಲು ಇದಕ್ಕಿಂತ ಕೆಟ್ಟ ಕಥೆ ನನಗೆ ಸಿಗುತ್ತಿರಲಿಲ್ಲ ಅಂತ ಹೇಳಿದ ಮೇಲೆ ಹೊಳೆಯಿತು.

“ಅದ್ಕೇ ಆಯಮ್ಮಂಗೆ ಎಲ್ಲ ಗೊತ್ತು” ಅಂದು ದೊಡ್ಡವ್ವ ಪಾತ್ರೆ ಎತ್ತಿಕೊಂಡು ಒಳಗೆ ಹೋದರು.

ಮಾರನೇ ದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಬೆಲ್ಲದ ಚೀಲ ಎಂದಿನಂತೆ ನಮ್ಮ ಅಡುಗೆಮನೆಯಲ್ಲೇ ಇತ್ತು. ಸಂಜೆ ನಾನು ಉದಯಗಿರಿಗೆ ಕೊಟ್ಟುಬರಬೇಕು. ಅಕ್ಕ ತೆಗೆದುಕೊಳ್ಳುತ್ತಾಳೆ, ಯಾರು ಕಳಿಸಿದ್ದು ಅಂತ ಕೇಳುವುದಿಲ್ಲ. ಅವಳ ನಂಬರು ದೊಡ್ಡವ್ವನ ಫೋನಿನಲ್ಲಿದೆ. ನಾನೇ ಹಾಕಿಕೊಟ್ಟಿದ್ದು.

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಕರೆದರು.

“ಆ ಸಿನಿಮಾ ಹುಡ್ಗಿ ಮನೆ ಬುಟ್ಟೋದ್ಮೇಲೆ ಅಪ್ಪ ಅವ್ವಂಗೆ ಫೋನ್ ಮಾಡ್ದ್ಲಲ್ಲ, ರಸ್ತೆ ಪಕ್ಕದಲ್ಲಿ ನಿಂತ್ಕೊಂಡು.”

“ಹೂಂ ದೊಡ್ಡವ್ವ.”

“ಅವ್ಳೇ ಅಲ್ವಾ ಮೊದ್ಲು ಮಾಡಿದ್ದು?”