ಕಮ್ಯುನಿಕೇಶನ್ ಸ್ವಲ್ಪ ವೀಕು

ಇಂಟರ್ವ್ಯೂ ಮುಗಿದ ಮೇಲೆ ಪ್ಯಾನೆಲ್‌ನವರೆಲ್ಲ ಕೂತು ಮಾತಾಡುವ ಹತ್ತು ನಿಮಿಷ ಇರುತ್ತದಲ್ಲ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಯಾರಿಗೆ ಕೆಲಸ ಯಾರಿಗಿಲ್ಲ ಅನ್ನುವುದು ನಿಜವಾಗಿ ತೀರ್ಮಾನವಾಗುವುದು ಅಲ್ಲೇ. ಹಿಂದೆ ಒಂದು ಕಂಪನಿಯಲ್ಲಿ ನಾನು ಪ್ಯಾನೆಲ್‌ನಲ್ಲಿ ಕೂರುತ್ತಿದ್ದಾಗ ಹಾವೇರಿ ಕಡೆಯ ಹುಡುಗನೊಬ್ಬ ಬಂದಿದ್ದ. ಕೊಟ್ಟ ಪ್ರೋಗ್ರಾಮ್ ಪೂರ್ತಿ ಬರೆದ. ಒಂದು ಕಡೆ ತಪ್ಪಿದ್ದನ್ನು ತಾನೇ ಹಿಡಿದು ಸರಿ ಮಾಡಿದ. ಇಂಗ್ಲಿಷ್ ಮಾತ್ರ ತಡೆದು ತಡೆದು ಬರುತ್ತಿತ್ತು. ಅವನು ಎದ್ದು ಹೋದ ಮೇಲೆ ನಮ್ಮ ಸೀನಿಯರ್ ಮೊದಲು ಬಾಯಿ ಬಿಟ್ಟರು: "ಹುಡುಗ ಓಕೆ, ಆದ್ರೆ ಕಮ್ಯುನಿಕೇಶನ್ ಸ್ವಲ್ಪ ವೀಕು. ಕ್ಲೈಂಟ್ ಮುಂದೆ ಕೂರಿಸೋದು ಕಷ್ಟ." ಪಕ್ಕದವರು ತಕ್ಷಣ, "ನನಗೂ ಹಾಗೇ ಅನಿಸ್ತು" ಎಂದರು. ಆ ಹುದ್ದೆಯಲ್ಲಿ ಇರುವವರು ವರ್ಷಗಟ್ಟಲೆ ಕ್ಲೈಂಟ್ ಮುಖವನ್ನೇ ನೋಡುವುದಿಲ್ಲ ಎಂದು ನಾನು ಹೇಳಿದೆ. ಹೂಂ ಅಂದರು, ಅಷ್ಟೆ.

ಅದೇ ಮಧ್ಯಾಹ್ನ ಬಂದ ಇನ್ನೊಬ್ಬನದು ಬೆಂಗಳೂರಿನ ಕಾನ್ವೆಂಟ್ ಇಂಗ್ಲಿಷ್. ಅರಳು ಹುರಿದ ಹಾಗೆ ಮಾತು. ಪ್ರೋಗ್ರಾಮ್ ಅರ್ಧಕ್ಕೆ ನಿಂತಿತು. ಅವನ ಬಗ್ಗೆ ಬಂದ ಮಾತು: "ಥಾಟ್ ಪ್ರೋಸೆಸ್ ಚೆನ್ನಾಗಿದೆ, ಮಿಕ್ಕಿದ್ದು ಕಲೀತಾನೆ ಬಿಡಿ." ಒಬ್ಬನ ಕೊರತೆ ವೀಕು, ಇನ್ನೊಬ್ಬನ ಕೊರತೆ ಕಲಿಯಬಹುದಾದದ್ದು. ಕೆಲಸ ಯಾರಿಗೆ ಸಿಕ್ಕಿತು ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ?

ಆ ಸೀನಿಯರ್ ಕೆಟ್ಟವರೇನಲ್ಲ. ತಂಡದಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಓಡಿ ಬರುತ್ತಿದ್ದವರು ಅವರೇ. ನೀವು ಭೇದ ಮಾಡಿದಿರಿ ಎಂದರೆ ನಿಜವಾಗಿಯೂ ನೊಂದುಕೊಳ್ಳುತ್ತಾರೆ. ಇಡೀ ವಿಷಯದ ತೊಡಕು ಇರುವುದೇ ಇಲ್ಲಿ. ಜಗಳ ಆಡೋಣ ಎಂದರೆ ಎದುರಿಗೆ ಖಳನಾಯಕ ಯಾರೂ ಇಲ್ಲ.

ಇಂಗ್ಲಿಷಿನ ಕಥೆ ಇದಾಯಿತು. ಹೆಸರಿನದು ಇನ್ನೊಂದು. ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳು ಬಾಯಿಬಡುಕ ಹೆಸರುಗಳು. ಕುಲಕರ್ಣಿ, ಬಡಿಗೇರ, ಕಮ್ಮಾರ, ಹಡಪದ, ಮಾದರ: ರೆಸ್ಯೂಮೆಯ ಮೊದಲ ಸಾಲಿನಲ್ಲೇ ಮನೆತನದ ಕಸುಬು, ಜಾತಿ ಎಲ್ಲ ಬಿಚ್ಚಿಡುತ್ತವೆ. ಹಳೇ ಮೈಸೂರು ಕಡೆಯವರು ಇನಿಶಿಯಲ್ ಹಾಕಿಕೊಂಡು ಒಂದಿಷ್ಟು ಬಚಾವು. ಆದರೆ ಅವರಿಗೂ ಆಫೀಸಿನ ಊಟದ ಟೇಬಲ್ ಇದ್ದೇ ಇದೆ. ಯುಗಾದಿ ಮುಗಿಸಿ ಬಂದ ದಿನ ಯಾರೋ ನಗುತ್ತಾ, "ಏನ್ರೀ, ಹೊಸತೊಡಕು ಜೋರಾ?" ಎಂದು ಕೇಳುತ್ತಾರೆ. ಹಬ್ಬದ ಮರುದಿನದ ಬಾಡೂಟದ ಬಗ್ಗೆ ಸುಮ್ನೆ ಕೇಳಿದ್ದು. ಉತ್ತರ ಬಂದ ಮೇಲೆ ಮಾತ್ರ ಕೇಳಿದವರ ತಲೆಯಲ್ಲಿ ಒಂದು ಚೀಟಿ ಅಂಟಿಕೊಂಡಿರುತ್ತದೆ. ಮೈಕ್ರೋವೇವ್ ಮೇಲೆ "ಮೀನು ಬಿಸಿ ಮಾಡಬೇಡಿ" ಅಂತ ನೋಟಿಸ್ ಹಾಕಿರುವ ಆಫೀಸುಗಳನ್ನು ನೀವೂ ನೋಡಿರುತ್ತೀರಿ. ಇಂಗಿನ ಒಗ್ಗರಣೆ ವಾಸನೆ ಬಗ್ಗೆ ನೋಟಿಸ್ ನಾನಂತೂ ನೋಡಿಲ್ಲ.

ಇದೆಲ್ಲ ಬರೀ ಅನಿಸಿಕೆ ಎನ್ನುವವರಿಗೆ ಒಂದು ಹಳೆಯ ಅಧ್ಯಯನ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬಿಬ್ಬರು ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಕೆಲಸದ ಜಾಹೀರಾತುಗಳಿಗೆ 4,808 ಅರ್ಜಿ ಕಳಿಸಿ ನೋಡಿದರು. ಓದು ಒಂದೇ ಮಟ್ಟದ್ದು, ಹೆಸರು ಮಾತ್ರ ಬೇರೆ: ಕೆಲವು ಮೇಲ್ಜಾತಿಯ ಹಿಂದೂ ಹೆಸರು, ಕೆಲವು ದಲಿತ ಹೆಸರು, ಕೆಲವು ಮುಸ್ಲಿಂ ಹೆಸರು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು ಮಾತ್ರ. ಮುಖ ನೋಡಿಲ್ಲ, ಇಂಗ್ಲಿಷ್ ಕೇಳಿಲ್ಲ. ಹೆಸರು ಓದಿದ್ದಷ್ಟೇ. ಆ ಅರ್ಜಿಗಳನ್ನು ಪಕ್ಕಕ್ಕಿಟ್ಟವರಲ್ಲಿ ತುಂಬಾ ಜನರಿಗೆ ತಾವು ಪಕ್ಕಕ್ಕಿಟ್ಟಿದ್ದು ಯಾಕೆ ಅನ್ನುವುದೇ ಗೊತ್ತಿರಲಾರದು ಎಂದು ನನ್ನ ಊಹೆ.

ಹೆಣ್ಣುಮಕ್ಕಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. 2017ರಲ್ಲಿ ಹೆರಿಗೆ ರಜೆ 26 ವಾರಕ್ಕೆ ಏರಿತು, 50 ಅಥವಾ ಹೆಚ್ಚು ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳಲು ಶಿಶುಪಾಲನಾ ಕೇಂದ್ರವೂ ಇರಬೇಕು ಎಂದಾಯಿತು. ಒಳ್ಳೆಯದೇ. ಈಗ ಇಂಟರ್ವ್ಯೂನಲ್ಲಿ ಮದುವೆ ಯಾವಾಗ ಎಂದು ಯಾರೂ ಕೇಳುವುದಿಲ್ಲ, ಕೇಳಬಾರದು ಅಂತ ಎಲ್ಲರಿಗೂ ಗೊತ್ತು. ಕೈಯಲ್ಲಿ ಮದರಂಗಿ ಇದೆಯಾ ಅಂತ ನೋಡಿಕೊಳ್ಳುತ್ತಾರೆ.

ಇದಕ್ಕೆಲ್ಲ ಕಂಪನಿಗಳ ಮದ್ದು ಏನು? ಟ್ರೈನಿಂಗ್. ವರ್ಷಕ್ಕೊಮ್ಮೆ ಲಿಂಕ್ ಬರುತ್ತದೆ, ವಿಡಿಯೊವನ್ನು ಮ್ಯೂಟ್ ಮಾಡಿ ಇನ್ನೊಂದು ಕಿಟಕಿಯಲ್ಲಿ ಕೆಲಸ ಮಾಡುತ್ತೇವೆ, ಕೊನೆಗೆ ಯಾವ ಉತ್ತರ ಒತ್ತಬೇಕು ಅಂತ ಚಿಕ್ಕ ಮಗುವಿಗೂ ತಿಳಿಯುವಂಥ ಪ್ರಶ್ನೆಗಳಿಗೆ ಉತ್ತರ ಒತ್ತಿ ಸರ್ಟಿಫಿಕೇಟ್ ಇಳಿಸಿಕೊಳ್ಳುತ್ತೇವೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ಅರಿವಿಗೇ ಬಾರದ್ದನ್ನು ಅರಿವು ಮೂಡಿಸಿ ಓಡಿಸುತ್ತೇವೆ ಅನ್ನುವುದೇ ವಿಚಿತ್ರ.

ನನಗೆ ಹಿಡಿಸಿದ್ದು ಬೇರೆ ದಾರಿ, ಅದೂ ತುಂಬಾ ಹಳೆಯದು. 1955ರಲ್ಲಿ ಇಸ್ರೇಲ್ ಸೇನೆಯಲ್ಲಿ ಡೇನಿಯಲ್ ಕಾನೆಮನ್ ಎಂಬ ಇಪ್ಪತ್ತೊಂದು ವರ್ಷದ ಹುಡುಗನಿಗೆ, ಹೊಸ ಸೈನಿಕರ ಇಂಟರ್ವ್ಯೂ ಪದ್ಧತಿ ಸರಿ ಮಾಡು ಎಂದು ಹೇಳಿದರು. ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು ಇವರೇ. ಅಲ್ಲಿಯವರೆಗೆ ಅದೂ ಇದೂ ಮಾತಾಡಿ ಒಟ್ಟು ಅಭಿಪ್ರಾಯ ಬರೆಯುತ್ತಿದ್ದರು. ಅದರಿಂದ ಯಾರು ಮುಂದೆ ಚೆನ್ನಾಗಿ ಮಾಡುತ್ತಾರೆ ಎಂಬುದು ಗೊತ್ತಾಗುತ್ತಿರಲಿಲ್ಲ. ಅವರು ಆರು ಗುಣ ಆರಿಸಿ, ಒಂದೊಂದಕ್ಕೂ ನಿಗದಿತ ಪ್ರಶ್ನೆ ಕೇಳಿ, ಆಗಿಂದಾಗಲೇ ಅಂಕ ಬರೆದು ಮುಂದಿನದಕ್ಕೆ ಹೋಗಿ ಎಂದರು. ಇಂಟರ್ವ್ಯೂ ಮಾಡುವವರು ಸಿಡಿದೆದ್ದರು, ನಮ್ಮನ್ನು ರೋಬೋಟ್ ಮಾಡುತ್ತಿದ್ದೀರಿ ಎಂದರು. ಸರಿ, ಆರೂ ಮುಗಿದ ಮೇಲೆ ಕಣ್ಣು ಮುಚ್ಚಿ ನಿಮಗೆ ಅನಿಸಿದ ಅಂಕವನ್ನೂ ಕೊಡಿ ಎಂದು ಒಪ್ಪಿಸಿದರು. ಹೊಸ ಪದ್ಧತಿ ಹಳೆಯದಕ್ಕಿಂತ ಎಷ್ಟೋ ಚೆನ್ನಾಗಿ ಕೆಲಸ ಮಾಡಿತು. ತಮಾಷೆ ಅಂದರೆ ಆ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಸರಿಯಾಗೇ ಬರುತ್ತಿತ್ತು. ಅನಿಸಿಕೆ ಕೆಟ್ಟದ್ದಲ್ಲ, ಮೊದಲೇ ನುಗ್ಗಬಾರದು ಅಷ್ಟೇ.

ಈಗ ನಾನಿರುವ ತಂಡದಲ್ಲಿ ಇದರ ಬಡ ಆವೃತ್ತಿ ಒಂದನ್ನು ನಡೆಸುತ್ತಿದ್ದೇವೆ. ಎಲ್ಲರಿಗೂ ಅದೇ ಪ್ರಶ್ನೆಗಳು. ಮಾತಿಗೆ ಕೂರುವ ಮೊದಲೇ ಪ್ರತಿಯೊಬ್ಬರೂ ಶೀಟಿನಲ್ಲಿ ಅಂಕ ತುಂಬಬೇಕು. ಸೀನಿಯರ್ ಕೊನೆಗೆ ಮಾತಾಡಬೇಕು. ಕಮ್ಯುನಿಕೇಶನ್ ಕಾಲಮ್ಮಿಗೆ ಕಡಿಮೆ ಅಂಕ ಕೊಟ್ಟರೆ ಯಾವ ಪ್ರಶ್ನೆಗೆ ಏನು ಅರ್ಥವಾಗಲಿಲ್ಲ ಅಂತ ಬರೆಯಬೇಕು. ಈ ಕೊನೆಯ ನಿಯಮ ಬಂದ ಮೇಲೆ ಆ ಕಾಲಮ್ಮಿನ ಅಂಕ ತಾನಾಗೇ ಏರಿತು. ಬರೆಯಲು ಏನೂ ಇರುವುದಿಲ್ಲ, ಹುಡುಗ ಹೇಳಿದ್ದು ಎಲ್ಲರಿಗೂ ಅರ್ಥ ಆಗಿರುತ್ತದೆ. ಗೊಣಗುವವರು ಇದ್ದಾರೆ. ಪರೀಕ್ಷೆ ಪೇಪರ್ ತಿದ್ದಿದ ಹಾಗಾಗುತ್ತದೆ ಅಂತಾರೆ. ಆಗಲಿ ಬಿಡಿ.

ಆದರೆ ಶೀಟು ಎಷ್ಟೇ ಚೆನ್ನಾಗಿದ್ದರೂ ಇಂಟರ್ವ್ಯೂಗೆ ಬಂದವರಿಗೆ ಮಾತ್ರ ಅಂಕ ಕೊಡಬಹುದು. ನಮ್ಮಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ರೆಫರಲ್‌ನಿಂದ ಬರುವವರು: ಅದೇ ಕಾಲೇಜಿನ ಜೂನಿಯರ್, ಅದೇ ಅಪಾರ್ಟ್‌ಮೆಂಟಿನವರ ಮಗ, ಅತ್ತೆಯ ಕಡೆಯವರು. ನಮ್ಮವರನ್ನು ಕರೆತಂದದ್ದಕ್ಕೆ ಬೋನಸ್ ಬೇರೆ. ಹಾವೇರಿಯ ಹುಡುಗನಿಗೆ ರೆಫರ್ ಮಾಡಲು ಇಲ್ಲಿ ಯಾರಿದ್ದಾರೆ? ಒಂದಿಷ್ಟು ಸೀಟುಗಳಿಗಾದರೂ ರೆಫರಲ್ ಬೇಡ, ಜಿಲ್ಲಾ ಕಾಲೇಜುಗಳಿಂದ ನೇರ ಅರ್ಜಿ ತಗೊಳ್ಳೋಣ ಎಂದು ಎಚ್‌ಆರ್‌ಗೆ ಮೇಲ್ ಹಾಕಿದ್ದೇನೆ. ಮುಂದಿನ ಕ್ವಾರ್ಟರ್‌ನಲ್ಲಿ ನೋಡೋಣ ಎಂಬ ಉತ್ತರ ಬಂದಿದೆ. ಮತ್ತೆ ಕೇಳುವವನಿದ್ದೇನೆ.