ಗ್ರೀನ್ ಗಾಬ್ಲಿನ್ ಕೊನೆಗೂ ಮನೆಗೆ ಬಂದ

ಹೋದ ಮಂಗಳವಾರ ಡಬ್ಬ ಬಂತು. ಸಹಿ ಹಾಕಿ ತಗೊಂಡು, ಊಟದ ಮೇಜಿನ ಮೇಲಿಟ್ಟು, ಬಿಚ್ಚೋಕೆ ಧೈರ್ಯ ಸಾಲದೆ ಮೊದಲು ಕಾಫಿ ಮಾಡಿಕೊಂಡೆ. ಒಳಗಿದ್ದದ್ದು ಅಮೇಜಿಂಗ್ ಸ್ಪೈಡರ್‌ಮ್ಯಾನ್ 14ನೇ ಸಂಚಿಕೆ, ಜುಲೈ 1964, ಸಿಜಿಸಿ ಗ್ರೇಡ್ 8.0 (ಸಿಜಿಸಿ ಅಂದರೆ ಕಾಮಿಕ್ ಪುಸ್ತಕ ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುವ ಕಂಪನಿ). ಸ್ಪೈಡರ್‌ಮ್ಯಾನ್‌ನ ಖಳ ಗ್ರೀನ್ ಗಾಬ್ಲಿನ್ ಮೊಟ್ಟಮೊದಲು ಕಾಣಿಸಿಕೊಂಡ ಕಾಮಿಕ್ ಪುಸ್ತಕ. ಮೂರು ವರ್ಷ ಹುಡುಕಿದ್ದೇನೆ.

ಹಿಂದಿನ ಸಲ ಬರೆದಾಗ ನಾನು ನೇರಳೆ ಲೇಬಲ್ಲಿನ ದುಃಖದಲ್ಲಿದ್ದೆ. ನೆನಪಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಇದೇ ಪುಸ್ತಕದ ಗ್ರೇಡ್ ಆಗದ ಒಂದು ಪ್ರತಿಯನ್ನು, ನೋಡೋಕೆ ಥಳಥಳ ಅಂತಿದೆ ಅಂತ, ಒಬ್ಬರಿಂದ ಕೊಂಡು ಫ್ಲೋರಿಡಾದ ಸಾರಸೋಟಾದಲ್ಲಿರುವ ಸಿಜಿಸಿಗೆ ಗ್ರೇಡಿಂಗಿಗೆ ಕಳಿಸಿದ್ದೆ. ರಿಪೇರಿ ಆಗದ ಪುಸ್ತಕಕ್ಕೆ ಕೊಡುವ ನೀಲಿ ಲೇಬಲ್ ಬರುತ್ತೆ ಅಂತ ಕಾದಿದ್ದರೆ ಬಂದದ್ದು ನೇರಳೆ. ಅಂದರೆ ರಿಪೇರಿ ಆದ ಪುಸ್ತಕ. ಸ್ಪೈನ್ (ಪುಸ್ತಕದ ಮಡಿಕೆಯ ಅಂಚು) ಹತ್ತಿರ ಬಣ್ಣ ಹೋದ ಗೀರುಗಳ ಮೇಲೆ ಯಾರೋ ಯಾವತ್ತೋ ಪೆನ್ನಿನಿಂದ ಬಣ್ಣ ಮುಟ್ಟಿಸಿದ್ದರು, ಅಷ್ಟೇ. ಅಷ್ಟಕ್ಕೇ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ಮಾರಿದವರು ಪುಸ್ತಕದ ದುಡ್ಡು ವಾಪಸ್ ಕೊಟ್ಟರು, ಗ್ರೇಡಿಂಗ್ ಫೀಸು ಮಾತ್ರ ನನ್ನ ತಲೆಗೆ. ತಪ್ಪು ನನ್ನದೂ ಇತ್ತು ಬಿಡಿ. ಕವರ್ ತಿರುಗಿಸಿ ಒಳಮಗ್ಗುಲು ನೋಡಿದ್ದರೆ ಬಣ್ಣ ಇಂಗಿದ ಚುಕ್ಕೆ ಅಲ್ಲೇ ಕಾಣುತ್ತಿತ್ತು. ಈಗ ಜೇಬಲ್ಲಿ ಒಂದು ಚಿಕ್ಕ ಯುವಿ ಟಾರ್ಚ್ ಇಟ್ಟುಕೊಂಡೇ ಕಾಮಿಕ್ ಮೇಳಕ್ಕೆ ಹೋಗುವುದು. ಹಳೇ ಶಾಯಿ ಒಂಥರಾ ಕಂಡರೆ, ಆಮೇಲೆ ಹಚ್ಚಿದ ಬಣ್ಣ ಆ ಬೆಳಕಲ್ಲಿ ಬೇರೆಯೇ ಥರ ಕಾಣುತ್ತದೆ.

ಅದಾದ ಮೇಲೆ ಗ್ರೇಡ್ ಆಗಿರುವುದನ್ನೇ ಕೊಳ್ಳುವುದು ಅಂತ ತೀರ್ಮಾನಿಸಿದೆ. ಈ ವರ್ಷ ಎರಡು ಪ್ರತಿ ಸಿಕ್ಕವು, ಒಂದು 8.5, ಇನ್ನೊಂದು 8.0. ಯಾರನ್ನಾದರೂ ಕೇಳಿ, 8.5 ತಗೋ ಅಂತಾರೆ. ಆದರೆ ಆ 8.5ರ ಕವರ್ ಪ್ರೆಸ್ಸಿನಲ್ಲೇ ಓರೆಯಾಗಿ ಮಡಿಸಿಕೊಂಡಿತ್ತು. ಹಿಂದಿನ ಕವರಿನ ಒಂದು ಬಿಳಿ ಪಟ್ಟಿ ಮುಂದಕ್ಕೆ ಬಂದು ಎಡಗಡೆ ಉದ್ದಕ್ಕೂ ಕೂತಿತ್ತು. ಅದು ಮುದ್ರಣದ ದೋಷ, ಬಳಸಿ ಆದ ಸವೆತ ಅಲ್ಲ, ಅದಕ್ಕೇ ಗ್ರೇಡಲ್ಲಿ ಅಂಥಾ ಪೆಟ್ಟೇನೂ ಬೀಳುವುದಿಲ್ಲ. ನನ್ನ ಕಣ್ಣಿಗೆ ಮಾತ್ರ ಪಂಚೆ ಓರೆಯಾಗಿ ಉಟ್ಟವರ ಹಾಗೆ ಕಾಣುತ್ತಿತ್ತು. ಮೇಲಾಗಿ ಒಳಹಾಳೆ ಕೆನೆ ಬಣ್ಣಕ್ಕೆ ತಿರುಗಿತ್ತು. 8.0 ನೋಡಿದರೆ ಕವರ್ ನೆಟ್ಟಗೆ, ಹಾಳೆಗಳು ಹೆಚ್ಚುಕಮ್ಮಿ ಬಿಳಿ, ಕೆಳಗಡೆ ಸ್ಟೇಪಲ್ ಹತ್ತಿರ ಮೂರು ಸಣ್ಣ ಗೀರು. ಅರವತ್ತರ ದಶಕದ ಮಾರ್ವೆಲ್ ಪುಸ್ತಕಗಳಲ್ಲಿ ಬಲಗಡೆ ಅಂಚು ಇಲಿ ಕಡಿದ ಹಾಗೆ ಉದುರಿರುವುದು ಮಾಮೂಲು, ಕತ್ತರಿಸುವ ಬ್ಲೇಡು ಮೊಂಡಾಗಿರುತ್ತಿತ್ತಂತೆ. ಇದರಲ್ಲಿ ಅದೂ ಇಲ್ಲ. ಅರ್ಧ ಅಂಕ ಬಿಟ್ಟೆ, ದುಡ್ಡೂ ಉಳಿಯಿತು. ಉಳಿಯಿತು ಅಂದರೆ, ನಮ್ಮ ಹಳೇ ಕಾರು ಮಾರಿದರೆ ಬರುವಷ್ಟು ಹೋಯಿತು ಅನ್ನಿ.

ಒಂದು ತಮಾಷೆ ಆಯಿತು. ಕವರ್ ಮೇಲೆ ಪೆನ್ಸಿಲ್ಲಿನಲ್ಲಿ ಪುಟ್ಟದಾಗಿ 4/9 ಅಂತ ಬರೆದಿದೆ. ನೋಡಿದ ಕೂಡಲೇ ಎದೆ ಧಸಕ್ ಅಂತು. ಜುಲೈ ಸಂಚಿಕೆಗೆ ಸೆಪ್ಟೆಂಬರ್ 4 ಯಾಕೆ? ಇದೂ ಏನೋ ಎಡವಟ್ಟಾ? ನ್ಯೂಜೆರ್ಸಿಗೆ ಬಂದು ಹದಿನಾಲ್ಕು ವರ್ಷ ಆದರೂ ತಾರೀಕು ಓದುವಾಗ ನನ್ನ ತಲೆ ಇನ್ನೂ ತುಮಕೂರಲ್ಲೇ ಇದೆ. ಇಲ್ಲಿ ತಿಂಗಳು ಮೊದಲು ಅಲ್ವಾ, ಅದು ಏಪ್ರಿಲ್ 9. ಪುಸ್ತಕ ಅಂಗಡಿಗೆ ಬಂದ ದಿನ ಅಂಗಡಿಯವರು ಗುರುತಿಗೆ ಹೀಗೆ ಬರೆದಿಡುತ್ತಿದ್ದರು. ಕವರಿನ ತಿಂಗಳು ಯಾವಾಗಲೂ ಎರಡು ಮೂರು ತಿಂಗಳು ಮುಂದಿನದೇ. ಈಗ ಆ ಪೆನ್ಸಿಲ್ ಗುರುತೇ ನನಗೆ ಇಡೀ ಕವರಲ್ಲಿ ಜಾಸ್ತಿ ಇಷ್ಟ. 12 ಸೆಂಟಿನ ಪುಸ್ತಕ, ಆ ಗುರುವಾರ ಯಾವುದೋ ಹುಡುಗ ಕೊಂಡು, ಪ್ಯಾಂಟಿನ ಹಿಂದಿನ ಜೇಬಿಗೆ ತುರುಕದೆ ಮನೆಗೆ ಒಯ್ದಿದ್ದಾನೆ. ಪುಣ್ಯಾತ್ಮ.

ಯಾಕೆ ಇದೇ ಪುಸ್ತಕ ಅಂತ ಕೇಳುವವರಿದ್ದಾರೆ. 2002ರ ಸಿನಿಮಾದಲ್ಲಿ ಗಾಬ್ಲಿನ್ ನೋಡಿದ್ದೆ, ಹಾರುವ ಗ್ಲೈಡರ್ ಮೇಲೆ ಬರುತ್ತಾನೆ. ಈ ಪುಸ್ತಕದಲ್ಲಿ ಚಿತ್ರಕಾರ ಸ್ಟೀವ್ ಡಿಟ್ಕೋ ಬರೆದಿರುವುದು ಹಾರುವ ಪೊರಕೆ! ಯಂತ್ರದ ಪೊರಕೆಯೇ, ಆದರೂ ಪೊರಕೆ. ಕಥೆಯೂ ಹಾಗೇ ವಿಚಿತ್ರ. ಸಿನಿಮಾ ಮಾಡುವ ನೆಪದಲ್ಲಿ ಸ್ಪೈಡರ್‌ಮ್ಯಾನ್‌ನನ್ನು ಮರುಭೂಮಿಗೆ ಕರೆಸುತ್ತಾನೆ, ಗುಹೆಯೊಳಗೆ ನೋಡಿದರೆ ಹಲ್ಕ್ ಕೂತಿದ್ದಾನೆ. ಗಾಬ್ಲಿನ್ ಯಾರು ಅಂತ ಕೊನೆಗೂ ಹೇಳುವುದಿಲ್ಲ. ಮುಖವಾಡದ ಹಿಂದಿರುವುದು ಉದ್ಯಮಿ ನಾರ್ಮನ್ ಆಸ್ಬಾರ್ನ್ ಅಂತ ಗೊತ್ತಾಗುವುದು 1966ರಲ್ಲಿ, 39ನೇ ಸಂಚಿಕೆಯಲ್ಲಿ. ಅಷ್ಟರಲ್ಲಿ ಡಿಟ್ಕೋ ಬಿಟ್ಟು ಹೋಗಿ ಜಾನ್ ರೊಮಿಟಾ ಚಿತ್ರ ಬರೆಯುತ್ತಿದ್ದರು. ಎರಡು ವರ್ಷ ಓದುಗರನ್ನು ಕಾಯಿಸಿದ ಖಳ, ಶುರುವಾದದ್ದು ಪೊರಕೆ ಮೇಲೆ. ನನಗೆ ಅದು ಸಾಕು.

ಇವಳು ಒಂದೇ ಪ್ರಶ್ನೆ ಕೇಳಿದಳು. "ಪ್ಲಾಸ್ಟಿಕ್ ಡಬ್ಬಿ ಒಡೆಯದೆ ಓದೋಕಾಗಲ್ಲ ಅಂದ್ರೆ ಯಾಕ್ರೀ ತಗೊಂಡ್ರಿ?" ಓದೋಕೆ ಮರುಮುದ್ರಣ ಇದೆ ಅಂದೆ. "ಅದು ಎಷ್ಟು ಅಗ್ಗ?" ಅಂದಳು. ಅಲ್ಲಿಗೆ ಮಾತು ಬದಲಿಸಿದೆ.

ಇಡುವ ಜಾಗ ಈಗ ತಲೆನೋವು. ಬೇಸ್‌ಮೆಂಟಲ್ಲಿ ತೇವ, ಬೇಸಿಗೆಯಲ್ಲಂತೂ ಗೋಡೆಯೇ ಬೆವರುತ್ತದೆ. ಅಗ್ಗದ ನ್ಯೂಸ್‌ಪ್ರಿಂಟ್ ಕಾಗದ, ಒಳಗೇ ಆಮ್ಲ ಇರುವುದರಿಂದ ಬಿಸಿ, ಬೆಳಕು, ತೇವ ಮೂರೂ ಆಗದು. ಸ್ಟೇಪಲ್ಲಿಗೆ ತುಕ್ಕು ಬೇರೆ. ಸದ್ಯಕ್ಕೆ ಮಲಗುವ ಕೋಣೆ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಪಕ್ಕ ನೆಟ್ಟಗೆ ನಿಲ್ಲಿಸಿದ್ದೇನೆ. ಆ ಬೀರುವಿಗಿಂತ ಕತ್ತಲೆಯಾದ, ಒಣಗಿದ ಜಾಗ ಮನೆಯಲ್ಲಿಲ್ಲ. ನುಸಿಗುಳಿಗೆ ಮಾತ್ರ ತೆಗೆಸಿದೆ.

13ನೇ ಸಂಚಿಕೆ ಮೊದಲೇ ಇದೆ, ಮಿಸ್ಟೀರಿಯೋ ಶುರುವಾದದ್ದು, 6.0. ಮುಂದಿನದು 15, ಕ್ರೇವನ್ ದಿ ಹಂಟರ್. ಮೂರು ತಿಂಗಳಲ್ಲಿ ಸಾಲಾಗಿ ಮೂರು ಖಳರು! ಕ್ರೇವನ್‌ಗೆ 7.0 ಸಿಕ್ಕರೂ ಸಾಕು, ಕವರ್ ಮಾತ್ರ ನೆಟ್ಟಗಿರಬೇಕು. ಅಕ್ಟೋಬರಿನ ನ್ಯೂಯಾರ್ಕ್ ಕಾಮಿಕ್ ಕಾನ್‌ಗೆ ಟಿಕೆಟ್ ನೋಡುತ್ತಿದ್ದೇನೆ.