ಹಾರಾಟದ ಹಳೆಯ ರೀಲುಗಳು: ಹದಿನಾಲ್ಕು ವಾರಗಳ ಲೆಕ್ಕ

ಮೊದಲ ವಾರ

ತಗಡಿನ ಪೆಟ್ಟಿಗೆಯಲ್ಲಿ ಹನ್ನೊಂದು ರೀಲುಗಳಿವೆ. ಏಳು 16 ಮಿಲಿಮೀಟರಿನವು, ನಾಲ್ಕು 8 ಮಿಲಿಮೀಟರಿನವು. ತೆಗೆದವರು ಹವ್ಯಾಸಿ ಪೈಲಟ್, ಈಗಿಲ್ಲ. ಪೆಟ್ಟಿಗೆಯನ್ನು ಕೈಗಿಡುವಾಗ ಅವರ ಮಗಳು ಹೇಳಿದ್ದು ಇಷ್ಟೇ: “ಪ್ರೊಜೆಕ್ಟರಿಗೆ ಮಾತ್ರ ಹಾಕಬೇಡಿ. ಹಿಂದೊಮ್ಮೆ ಹಾಕಿದಾಗ ಹರಿದುಹೋಯಿತು.” ಇದಕ್ಕಿಂತ ಒಳ್ಳೆಯ ಎಚ್ಚರಿಕೆಯನ್ನು ಯಾವ ಕೈಪಿಡಿಯೂ ಕೊಟ್ಟಿರಲಾರದು.

ಮುಚ್ಚಳಗಳನ್ನು ಒಂದೊಂದಾಗಿ ತೆಗೆದು, ನೋಡುವುದಕ್ಕಿಂತ ಮೊದಲು ಮೂಸಿದೆ. ಹವ್ಯಾಸಿಗಳ ಫಿಲ್ಮಿನ ಪಟ್ಟಿ ಸಾಮಾನ್ಯವಾಗಿ ಅಸಿಟೇಟಿನದು. ಬಿಸಿ ಮತ್ತು ತೇವಕ್ಕೆ ಅದು ಒಡೆಯತೊಡಗಿದಾಗ ಅಸಿಟಿಕ್ ಆಮ್ಲ ಹೊರಬೀಳುತ್ತದೆ. ಆ ಆಮ್ಲವೇ ಮತ್ತಷ್ಟು ಒಡೆತಕ್ಕೆ ಕಾರಣವಾಗುವುದರಿಂದ, ಒಮ್ಮೆ ಶುರುವಾದ ಕೇಡು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಒಂಬತ್ತನೆಯ ಡಬ್ಬಿಯ ವಿನೆಗರ್ ವಾಸನೆ ಮೂಗಿಗೆ ಚುಚ್ಚಿತು. ಉಳಿದವುಗಳ ಬಗ್ಗೆ ಮೂಗನ್ನು ನಂಬಲಿಲ್ಲ. ಆಮ್ಲಕ್ಕೆ ಬಣ್ಣ ಬದಲಿಸುವ ಕಾಗದದ ತುಂಡುಗಳನ್ನು ಪ್ರತಿ ಡಬ್ಬಿಯಲ್ಲೂ ಇಟ್ಟು ಒಂದು ದಿನ ಮುಚ್ಚಿದೆ. ನೀಲಿಯಾಗಿಯೇ ಉಳಿದರೆ ಕ್ಷೇಮ, ಹಸಿರಿಗೆ ತಿರುಗಿದರೆ ಅವಸರ, ಹಳದಿಯಾದರೆ ತೀರಾ ತಡ. ಎಂಟು ನೀಲಿ, ಎರಡು ನೀಲಿ-ಹಸಿರು, ಒಂಬತ್ತನೆಯದು ಹಸಿರು ದಾಟಿ ಹಳದಿಯತ್ತ ಹೊರಟಿತ್ತು. ಅದನ್ನು ಕೂಡಲೇ ಬೇರೆ ಕೋಣೆಗೆ ಸಾಗಿಸಿದೆ. ಆ ಆವಿ ಪಕ್ಕದ ರೀಲುಗಳಿಗೂ ತಗಲುತ್ತದೆ.

ಎರಡನೆಯ ವಾರ

ಅಳತೆ. ಅಸಿಟೇಟ್ ಹಳತಾದಂತೆ ಕುಗ್ಗುತ್ತದೆ. 16 ಮಿಲಿಮೀಟರ್ ಫಿಲ್ಮಿನ ಅಂಚಿನಲ್ಲಿ ಫ್ರೇಮಿಗೊಂದು ರಂಧ್ರ, ಒಂದರಿಂದ ಮುಂದಿನದಕ್ಕೆ 7.62 ಮಿಲಿಮೀಟರ್, ಅಂದರೆ ನೂರು ಫ್ರೇಮಿಗೆ 762. ಎರಡನೆಯ ರೀಲಿನಲ್ಲಿ ನೂರು ಫ್ರೇಮ್ ಎಣಿಸಿ ಉಕ್ಕಿನ ಪಟ್ಟಿಯ ಮೇಲೆ ಹಾಸಿದೆ: 756. ನೂರಕ್ಕೆ 0.8ರಷ್ಟು ಕುಗ್ಗಿದೆ. ಕಣ್ಣಿಗೆ ಕಾಣದ ಈ ಆರು ಮಿಲಿಮೀಟರುಗಳೇ ಪ್ರೊಜೆಕ್ಟರಿನ ಕೊಕ್ಕೆಯನ್ನು ರಂಧ್ರದ ಅಂಚಿಗೆ ಕುಟ್ಟಿಸಿ ಫಿಲ್ಮನ್ನು ಹರಿಯುತ್ತವೆ. ಮಗಳ ಮಾತಿನ ಕಾರಣ ಅಂಕಿಯಲ್ಲಿ ಸಿಕ್ಕಿತು.

ಐದು ರೀಲುಗಳು ಕೊಡಾಕ್ ಕಂಪನಿಯ ಬಣ್ಣದ ಫಿಲ್ಮು, ಕೊಡಾಕ್ರೋಮ್. 1935ರಲ್ಲಿ ಮೊದಲು 16 ಮಿಲಿಮೀಟರಿನಲ್ಲೇ ಮಾರಾಟಕ್ಕೆ ಬಂದ ಈ ಫಿಲ್ಮನ್ನು ಸಂಸ್ಕರಿಸುತ್ತಿದ್ದ ಕೊನೆಯ ಪ್ರಯೋಗಾಲಯ ಹೊಸ ರೀಲುಗಳನ್ನು ತೆಗೆದುಕೊಳ್ಳುವುದನ್ನು 2010ರ ಕೊನೆಗೆ ನಿಲ್ಲಿಸಿತು. ಕತ್ತಲಲ್ಲಿಟ್ಟರೆ ಇದರ ಬಣ್ಣ ದಶಕಗಟ್ಟಲೆ ಹಾಗೆಯೇ ಇರುತ್ತದೆ, ಪ್ರೊಜೆಕ್ಟರಿನ ದೀಪಕ್ಕೆ ಮಾತ್ರ ಬೇಗ ಸೋಲುತ್ತದೆ. ಪ್ರೀತಿಯಿಂದ ಮತ್ತೆ ಮತ್ತೆ ನೋಡಿದ ರೀಲಿಗಿಂತ ಮರೆತುಹೋದ ರೀಲೇ ಚೆನ್ನಾಗಿ ಉಳಿದಿರುವುದು ಇದರಿಂದಲೇ. ನಾಲ್ಕನೆಯದು ಬೇರೆ ಜಾತಿಯ ಫಿಲ್ಮು. ನೀಲಿ-ಹಸಿರು ವರ್ಣದ ಪದರ ಮಾಸಿ, ಆಕಾಶ, ರೆಕ್ಕೆ, ಹುಲ್ಲು ಎಲ್ಲವೂ ಗುಲಾಬಿಯಾಗಿವೆ.

ಮೂರರಿಂದ ಐದನೆಯ ವಾರ

ಯಂತ್ರ ಕಟ್ಟಿದ ವಾರಗಳು. ಕೆಟ್ಟ ಪ್ರೊಜೆಕ್ಟರೊಂದರ ಹೊಟ್ಟೆಯಿಂದ ಕೊಕ್ಕೆ, ಹಲ್ಲುಚಕ್ರ, ದೀಪ ಮೂರನ್ನೂ ಕಿತ್ತುಹಾಕಿದೆ. ಈಗ ಫಿಲ್ಮು ನುಣುಪಾದ ಉರುಳೆಗಳ ಮೇಲೆ ಜಾರುತ್ತದೆ. ಸ್ಟೆಪ್ಪರ್ ಮೋಟರ್ ಅದನ್ನು ಒಂದೊಂದೇ ಫ್ರೇಮ್ ಎಳೆಯುತ್ತದೆ, ಹಿಂದಿನಿಂದ ಹಾಲುಗಾಜಿನ ಮೂಲಕ ಎಲ್‌ಇಡಿ ಬೆಳಕು, ಮುಂದೆ ಮ್ಯಾಕ್ರೊ ಲೆನ್ಸಿನ ಕ್ಯಾಮೆರಾ. ಕ್ಯಾಮೆರಾ ನೋಡುವುದು ಚಿತ್ರವನ್ನಷ್ಟೇ ಅಲ್ಲ, ಎರಡೂ ಬದಿಯ ರಂಧ್ರಗಳನ್ನೂ ಅಂಚಿನ ಅಕ್ಷರಗಳನ್ನೂ. ಪಟ್ಟಿಯ ಪೂರ್ತಿ ಅಗಲ ಬೇಕೆಂದು ಹಟ ಹಿಡಿದದ್ದರಿಂದ ಕಡತಗಳು ಊದಿಕೊಂಡವು. ನೂರು ಅಡಿಯ ರೀಲಿನಲ್ಲಿ 4,000 ಫ್ರೇಮ್. ಒಂದೊಂದೂ ಮೂವತ್ತು ಮೆಗಾಬೈಟ್, ರೀಲಿಗೆ 120 ಗಿಗಾಬೈಟ್. ಈ ಹಟ ಆಮೇಲೆ ಫಲ ಕೊಟ್ಟಿತು, ಅದನ್ನು ಕೊನೆಯಲ್ಲಿ ಬರೆಯುತ್ತೇನೆ.

ನಾಲ್ಕು ಸಂಜೆ ಹಾಳಾದದ್ದು ನನ್ನ ದಡ್ಡತನದಿಂದ. ಸ್ಕ್ಯಾನ್ ಮಾಡಿದ ಚಿತ್ರ ಉಸಿರಾಡುವಂತೆ ಬೆಳಗಿ ಮಸುಕಾಗುತ್ತಿತ್ತು. ಫಿಲ್ಮಿನದೇ ದೋಷವೆಂದು ನಂಬಿ, ಅದನ್ನು ಸರಿಪಡಿಸುವ ತಂತ್ರಾಂಶವನ್ನೂ ಹುಡುಕತೊಡಗಿದ್ದೆ. ದೋಷ ನನ್ನ ದೀಪದ್ದು. ಎಲ್‌ಇಡಿಯನ್ನು ಮಂದಗೊಳಿಸಲು ನಾನು ಜೋಡಿಸಿದ ಸರ್ಕ್ಯೂಟು ಅದನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುತ್ತಿತ್ತು. ಕಣ್ಣಿಗೆ ಗೊತ್ತಾಗದ್ದು ಕ್ಯಾಮೆರಾಕ್ಕೆ ಗೊತ್ತಾಯಿತು. ಏರಿಳಿತವಿಲ್ಲದ ವಿದ್ಯುತ್ತು ಕೊಟ್ಟ ಮೇಲೆ ಉಸಿರಾಟ ನಿಂತಿತು.

ಆದರೂ ಎರಡನೆಯ ರೀಲಿನ ಕೆಲವು ಕಡೆ ಬೆಳಕು ಏರುವುದು ಉಳಿಯಿತು. ಅದು ನಿಜವಾಗಿಯೂ ಫಿಲ್ಮಿನಲ್ಲೇ ಇದೆ. ಆ ಕಾಲದ ಹವ್ಯಾಸಿ ಕ್ಯಾಮೆರಾಗಳು ಕೀಲಿ ಕೊಟ್ಟು ಓಡಿಸುವಂಥವು. ಸ್ಪ್ರಿಂಗ್ ಸಡಿಲವಾಗುತ್ತ ಬಂದಂತೆ ಕ್ಯಾಮೆರಾ ನಿಧಾನವಾಗಿ, ಪ್ರತಿ ಫ್ರೇಮಿಗೂ ಹೆಚ್ಚು ಬೆಳಕು ಬೀಳುತ್ತದೆ. ಒಂದು ಕೀಲಿಗೆ ಅರ್ಧ ನಿಮಿಷದ ಆಸುಪಾಸು ಓಟ. ವಿಮಾನ ಇಳಿಯಲು ತಿರುವು ಹಾಕಿ, ನೆಲದ ಕಡೆ ವಾಲಿ, ಚಕ್ರ ತಾಗುವುದಕ್ಕೆ ಅದು ಸಾಲದು. ಎರಡನೆಯ ರೀಲಿನಲ್ಲಿ ಆರು ಇಳಿತಗಳಿವೆ. ನಾಲ್ಕರಲ್ಲಿ ಚಕ್ರ ನೆಲ ಮುಟ್ಟುವ ಮೊದಲೇ ಚಿತ್ರ ಬೆಳ್ಳಗಾಗಿ ಮುಗಿಯುತ್ತದೆ. ಐದನೆಯದರಲ್ಲಿ ವಿಮಾನ ತೀರಾ ಹತ್ತಿರ ಬರುವವರೆಗೆ ಗುಂಡಿ ಒತ್ತದೆ ಕಾದಿದ್ದಾರೆ. ಪಾಠ ಕಲಿತದ್ದು ಕಾಣುತ್ತದೆ.

ಏಳನೆಯ ವಾರ

ಅಲುಗಾಟದ ಪ್ರಶ್ನೆ. ಚಿತ್ರದಲ್ಲಿ ಎರಡು ಬಗೆಯ ಅಲುಗಾಟ ಬೆರೆತಿದೆ. ಒಂದು, ಕುಗ್ಗಿದ ಫಿಲ್ಮು ನನ್ನ ಯಂತ್ರದಲ್ಲಿ ಸರಿಯುವಾಗ ಆಗುವುದು. ಇನ್ನೊಂದು, ಕ್ಯಾಮೆರಾ ಹಿಡಿದ ಕೈಯದು. ಮೊದಲನೆಯದು ನನ್ನದಾದ್ದರಿಂದ ತೆಗೆಯುವ ಹಕ್ಕು ನನಗಿದೆ. ಪ್ರತಿ ಫ್ರೇಮಿನ ರಂಧ್ರ ಎಲ್ಲಿದೆಯೆಂದು ಗುರುತಿಸಿ, ಎಲ್ಲ ರಂಧ್ರಗಳೂ ಒಂದೇ ಜಾಗಕ್ಕೆ ಬರುವಂತೆ ಸರಿಸುವ ಸಣ್ಣ ಪ್ರೋಗ್ರಾಂ ಬರೆದೆ. ಎರಡನೆಯದನ್ನು ಮುಟ್ಟಲಿಲ್ಲ. ಮೂರನೆಯ ರೀಲಿನಲ್ಲಿ ಕಾಕ್‌ಪಿಟ್ಟಿನಿಂದ ತೆಗೆದ ಎರಡು ನಿಮಿಷವಿದೆ. ಅದರಲ್ಲಿ ಕಂಪಿಸುವುದು ಎಂಜಿನ್ನು, ಒಮ್ಮೆಲೇ ಕುಸಿಯುವುದು ಗಾಳಿಯ ಗುಂಡಿ. ಅದನ್ನು ನಯಗೊಳಿಸಿ ನೋಡಿದೆ. ವಿಮಾನ ಕಪಾಟಿನ ಮೇಲಿಟ್ಟ ಹಾಗೆ ಕಂಡಿತು, ಅಳಿಸಿದೆ.

ಎಂಟನೆಯ ವಾರ

ಈ ವಾರ ನಗುವೂ ಮುಜುಗರವೂ ಒಟ್ಟಿಗೆ. ಒಂದನೆಯ ರೀಲಿನ ಅಂಚಿನಲ್ಲಿ ಕೊಡಾಕಿನ ಚಿಹ್ನೆಗಳಿವೆ. ವೃತ್ತ, ಚೌಕ, ತ್ರಿಕೋನಗಳಿಂದ ಕಚ್ಚಾ ಫಿಲ್ಮು ತಯಾರಾದ ವರ್ಷವನ್ನು ಸೂಚಿಸುವ ಪದ್ಧತಿ ಅದು. ಪಟ್ಟಿ ನೋಡಿ 1938 ಎಂದುಕೊಂಡು ರಾತ್ರಿ ಹನ್ನೊಂದಕ್ಕೆ ಮಗಳಿಗೆ ಸಂದೇಶವನ್ನೂ ಕಳುಹಿಸಿದೆ. ಯುದ್ಧಕ್ಕೆ ಮೊದಲಿನ ಬಣ್ಣದ ಚಿತ್ರ!

ಆ ಚಿಹ್ನೆಗಳು ಇಪ್ಪತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತವೆ ಎಂಬುದು ಬೆಳಿಗ್ಗೆ ನೆನಪಾಯಿತು. 1938ರ ಗುರುತೇ 1958ಕ್ಕೂ ಸಲ್ಲುತ್ತದೆ. ತೀರ್ಪು ಕೊಟ್ಟದ್ದು ಚಿತ್ರದ ಮೂಲೆ. ಮುಂದೆ ಎರಡು ಜೊತೆ ರೆಕ್ಕೆಯ ಟೈಗರ್ ಮಾತ್ ನಿಂತಿದೆ. ಅದು 1931ರಿಂದ ಹಾರುತ್ತಿದ್ದ ವಿಮಾನ, ಎರಡೂ ವರ್ಷಕ್ಕೆ ಒಪ್ಪುತ್ತದೆ. ಆದರೆ ಹಿಂದೆ, ಹ್ಯಾಂಗರಿನ ನೆರಳಿನಲ್ಲಿ, ಒಂದೇ ಜೊತೆ ರೆಕ್ಕೆಯ ಇನ್ನೊಂದು ವಿಮಾನದ ಮೂತಿ ಕಾಣುತ್ತದೆ. ಆ ಕತ್ತಲಿಗೆಂದೇ ಹೆಚ್ಚು ಹೊತ್ತಿನ ಎರಡನೆಯ ಸ್ಕ್ಯಾನ್ ತೆಗೆದಾಗ ಆಕಾರ ಬಿಡಿಸಿಕೊಂಡಿತು: ಚಿಪ್‌ಮಂಕ್. ಅದು ಕೆನಡಾದಲ್ಲಿ ಮೊದಲು ಹಾರಿದ್ದು 1946ರ ಮೇ 22ರಂದು. ಹಾಗಾಗಿ 1958. ಅದೂ ಫಿಲ್ಮು ತಯಾರಾದ ವರ್ಷ, ತೆಗೆದ ವರ್ಷವಲ್ಲ. ಪಟ್ಟಿಯಲ್ಲಿ “1958 ಅಥವಾ ಆಮೇಲೆ” ಎಂದು ಬರೆದೆ. ಮಗಳಿಗೆ ಕ್ಷಮಾಪಣೆಯ ಸಂದೇಶ ಹೋಯಿತು. “ನನಗೆ ಮೊದಲೇ ಅನುಮಾನವಿತ್ತು, 1938ರಲ್ಲಿ ಅಪ್ಪನಿಗೆ ಒಂಬತ್ತು ವರ್ಷ” ಎಂದು ಉತ್ತರ ಬಂತು. ಅವರನ್ನೇ ಮೊದಲು ಕೇಳಬಹುದಿತ್ತು.

ಒಂಬತ್ತನೆಯ ವಾರ

ಐದನೆಯ ರೀಲಿನ ನಡುವೆ ಹದಿನೆಂಟು ಸೆಕೆಂಡಿನ ತುಂಡೊಂದು ತಿರುವುಮುರುವು. ಎರಡೂ ಬದಿಗೆ ರಂಧ್ರವಿರುವ ಫಿಲ್ಮಿನಲ್ಲಿ ತುಂಡನ್ನು ಮಗುಚಿ ಅಂಟಿಸಿದರೂ ಯಂತ್ರಕ್ಕೆ ತಿಳಿಯುವುದಿಲ್ಲ. ಬಾಲದ ನೋಂದಣಿ ಅಕ್ಷರ ಕಂಡಿದ್ದರೆ ತಕ್ಷಣ ಸಿಕ್ಕಿಬೀಳುತ್ತಿತ್ತು. ಬ್ರಿಟನ್ನಿಗೆ ಜಿ, ಅಮೆರಿಕಕ್ಕೆ ಎನ್, ಭಾರತಕ್ಕೆ ವಿಟಿ ಎಂದು ದೇಶದ ಗುರುತಿನಿಂದ ಶುರುವಾಗುವ ಆ ಅಕ್ಷರಗಳೇ ನಮಗೆ ದೊಡ್ಡ ಆಧಾರ. ಈ ತುಂಡಿನಲ್ಲಿ ಬಾಲವೇ ಇಲ್ಲ. ಅನುಮಾನ ಹುಟ್ಟಿಸಿದ್ದು ಅಂಗಿಯ ಗುಂಡಿಗಳು. ಗುಂಪಿನಲ್ಲಿದ್ದ ಗಂಡಸರೆಲ್ಲರ ಗುಂಡಿಪಟ್ಟಿಯೂ ತಪ್ಪು ಬದಿಗಿತ್ತು, ಕೈಗಡಿಯಾರಗಳೂ ಬಲಗೈಯಲ್ಲಿದ್ದವು. ಫಿಲ್ಮನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಜೋಡಣೆಯ ಒಂದು ಪಕ್ಕ ಹೊಳಪು, ಇನ್ನೊಂದು ಪಕ್ಕ ಮಂಕು. ಚಿತ್ರ ಮೂಡುವ ಪದರ, ಅಂದರೆ ಎಮಲ್ಷನ್, ಮೇಲುಕೆಳಗಾಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಮೂಲ ಕಡತದಲ್ಲಿ ಹಾಗೆಯೇ ಬಿಟ್ಟು, ನೋಡುವ ಪ್ರತಿಯಲ್ಲಿ ಮಾತ್ರ ತಿರುಗಿಸಿದ್ದೇನೆ.

ಹತ್ತನೆಯ ವಾರ

ಗೆಳೆಯರೊಬ್ಬರು ಕೃತಕ ಬುದ್ಧಿಮತ್ತೆಯ ತಂತ್ರಾಂಶದಲ್ಲಿ ಒಂದು ನಿಮಿಷವನ್ನು “ಸುಂದರ” ಮಾಡಿ ಕಳುಹಿಸಿದರು. ಸೆಕೆಂಡಿಗೆ ಅರವತ್ತು ಫ್ರೇಮ್, ನಾಲ್ಕು ಪಟ್ಟು ಸ್ಪಷ್ಟ. ಒಳ್ಳೆಯ ಮನಸ್ಸಿನಿಂದ ಮಾಡಿದ್ದು, ಆದ್ದರಿಂದ ಬೈಯಲಾಗಲಿಲ್ಲ. ಪ್ರೊಪೆಲ್ಲರಿನ ಬಳಿ ನಿಲ್ಲಿಸಿ ನೋಡಿ ಎಂದೆ.

ಎಂಜಿನ್ನು ಮೆಲ್ಲಗೆ ತಿರುಗುವಾಗ ಪ್ರೊಪೆಲ್ಲರು ಫಿಲ್ಮಿನಲ್ಲಿ ನಿಂತಂತೆ, ಕೆಲವೊಮ್ಮೆ ಹಿಂದಕ್ಕೆ ತಿರುಗಿದಂತೆ ಕಾಣುತ್ತದೆ. ಸೆಕೆಂಡಿಗೆ 16 ಫ್ರೇಮಿನ ಕ್ಯಾಮೆರಾದ ಮುಂದೆ ಎರಡು ಅಲಗಿನ ಪ್ರೊಪೆಲ್ಲರು ನಿಮಿಷಕ್ಕೆ 480 ಸುತ್ತು ಹಾಕಿದರೆ, ಪ್ರತಿ ಫ್ರೇಮಿಗೂ ಸರಿಯಾಗಿ ಅರ್ಧ ಸುತ್ತು. ಒಂದು ಅಲಗಿನ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ, ಕಣ್ಣು ಮೋಸಹೋಗುತ್ತದೆ. ನಡುವಿನ ಫ್ರೇಮುಗಳನ್ನು ಊಹಿಸಿ ತುಂಬುವ ತಂತ್ರಾಂಶವೂ ಹಾಗೆಯೇ ಮೋಸಹೋಗಿತ್ತು. ಅಲಗು ಎತ್ತ ತಿರುಗುತ್ತಿದೆ ಎಂದು ಗೊತ್ತಾಗದೆ ಮೂರನೆಯದೊಂದು ಅಲಗನ್ನು ಹುಟ್ಟಿಸಿ, ಮೂರೂ ರಬ್ಬರಿನಂತೆ ಬಾಗುವಂತೆ ಮಾಡಿತ್ತು. ಇದಾದರೂ ನಗುವ ವಿಷಯ. ಕೋಪ ಬಂದದ್ದು ನೋಂದಣಿ ಅಕ್ಷರ ನೋಡಿ. ಮೂಲದಲ್ಲಿ ಕೊನೆಯ ಅಕ್ಷರ ಮಸುಕು, ಇ ಇರಬಹುದು, ಎಫ್ ಇರಬಹುದು. ತಂತ್ರಾಂಶ ಅದನ್ನು ಚೂಪಾದ, ಸಂಶಯವೇ ಇಲ್ಲದ ಎಫ್ ಮಾಡಿತ್ತು. ಆ ಪ್ರತಿಯೊಂದೇ ಉಳಿದಿದ್ದರೆ ನಾಳೆ ಯಾರೋ ಇಲ್ಲದ ವಿಮಾನವೊಂದರ ಚರಿತ್ರೆ ಬರೆಯುತ್ತಿದ್ದರು. ಮಸುಕನ್ನು ಮಸುಕಾಗಿಯೇ ಇಡುತ್ತೇನೆ.

ಹನ್ನೆರಡನೆಯ ವಾರ

ವೇಗ. ಇದನ್ನು ಮೊದಲೇ ಮಾಡಬೇಕಿತ್ತು. ಮೂಕಿ ಚಿತ್ರ ತೆಗೆಯುತ್ತಿದ್ದ ಹವ್ಯಾಸಿಗಳು ಸಾಮಾನ್ಯವಾಗಿ ಬಳಸುತ್ತಿದ್ದುದು ಸೆಕೆಂಡಿಗೆ 16 ಫ್ರೇಮ್, ಆದರೆ ಹಲವು ಕ್ಯಾಮೆರಾಗಳಲ್ಲಿ 24ಕ್ಕೂ ಗುಂಡಿಯಿತ್ತು. ಡಬ್ಬಿಯ ಮೇಲೆ ಏನೂ ಬರೆದಿಲ್ಲ. ನಾನು ಅಷ್ಟು ದಿನ ಅಭ್ಯಾಸಬಲದಿಂದ 24ರಲ್ಲೇ ಓಡಿಸುತ್ತಿದ್ದೆ.

ಗುರುತ್ವಾಕರ್ಷಣೆಯನ್ನೇ ಗಡಿಯಾರ ಮಾಡಿಕೊಂಡೆ. ಒಂದನೆಯ ರೀಲಿನಲ್ಲಿ ಮೆಕ್ಯಾನಿಕ್ ಚಕ್ರಕ್ಕೆ ಒಡ್ಡಿದ್ದ ಮರದ ತುಂಡನ್ನು ಎತ್ತಿ ಸೊಂಟದ ಎತ್ತರದಿಂದ ಪಕ್ಕಕ್ಕೆ ಬೀಳಿಸುತ್ತಾನೆ. ಒಂದು ಮೀಟರ್ ಬೀಳಲು ಸುಮಾರು 0.45 ಸೆಕೆಂಡ್ ಬೇಕು. 16ರ ವೇಗವಾದರೆ ಏಳು ಫ್ರೇಮ್, 24 ಆದರೆ ಹನ್ನೊಂದು. ಎಣಿಸಿದೆ: ಏಳು. ಇನ್ನೊಂದೆಡೆ ಟೋಪಿಯೊಂದು ಬೀಳುತ್ತದೆ, ಆದರೆ ಗಾಳಿ ಅದರ ಲೆಕ್ಕ ಕೆಡಿಸುವುದರಿಂದ ಬಿಟ್ಟೆ. ಹುಡುಗನೊಬ್ಬ ಕೆಳರೆಕ್ಕೆಯಿಂದ ಜಿಗಿಯುವ ಕಡೆಯೂ ಲೆಕ್ಕ ಹದಿನಾರರತ್ತಲೇ ವಾಲಿತು. ಮೂಲ ಕಡತವನ್ನು 16 ಎಂದೇ ಗುರುತಿಸಿ, ನೋಡುವ ಪ್ರತಿಯಲ್ಲಿ ಎರಡು ಫ್ರೇಮಿಗೊಮ್ಮೆ ಒಂದನ್ನು ಎರಡು ಸಲ ಹಾಕಿ 24ಕ್ಕೆ ಹೊಂದಿಸಿದೆ. ಹೊಸ ಫ್ರೇಮ್ ಯಾವುದನ್ನೂ ಹುಟ್ಟಿಸಿಲ್ಲ.

ಭಾನುವಾರ ಮಗಳು ಬಂದರು. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಎಂಜಿನ್ ಶುರು ಮಾಡುವ ಆ ದೃಶ್ಯವನ್ನು ಅವರು ಮೊದಲೇ ನಾಲ್ಕು ಸಲ ನೋಡಿದ್ದರು. ಟೋಪಿ, ಕನ್ನಡಕ ಹಾಕಿದ ಆ ಮನುಷ್ಯ ಯಾರೆಂದು ಗೊತ್ತಿಲ್ಲ ಎಂದಿದ್ದರು. ಆಗ ಅವನು ಕೀಲಿಗೊಂಬೆಯಂತೆ ಚುರುಚುರು ಓಡಾಡುತ್ತಿದ್ದ. ಈ ಸಲ ಆತ ಪ್ರೊಪೆಲ್ಲರು ತಿರುಗಿಸಿ, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಭುಜ ತಗ್ಗಿಸಿ ರೆಕ್ಕೆಯ ಸುತ್ತ ನಡೆದುಹೋದ.

“ಇನ್ನೊಮ್ಮೆ ಹಾಕಿ” ಎಂದರು. ಹಾಕಿದೆ.

“ಅಪ್ಪ” ಎಂದರು.

ಹಾಗಾದರೆ ಕ್ಯಾಮೆರಾ ಯಾರ ಕೈಯಲ್ಲಿತ್ತು? ನನ್ನ ಪಟ್ಟಿಯಲ್ಲಿ ಹನ್ನೊಂದು ರೀಲಿಗೂ ತೆಗೆದವರು ಎಂದು ಅವರಪ್ಪನ ಹೆಸರೇ ಇತ್ತು.

ಹದಿಮೂರನೆಯ ವಾರ

ಪೂರ್ತಿ ಅಗಲದ ಸ್ಕ್ಯಾನ್ ಈಗ ಕೆಲಸಕ್ಕೆ ಬಂತು. ಕ್ಯಾಮೆರಾದ ಕಿಂಡಿಗಿಂತ ಪ್ರೊಜೆಕ್ಟರಿನ ಕಿಂಡಿ ತುಸು ಚಿಕ್ಕದು, ಹಾಗಾಗಿ ಪರದೆಯ ಮೇಲೆ ಚಿತ್ರದ ಅಂಚುಗಳು ಯಾವತ್ತೂ ಬೀಳುವುದಿಲ್ಲ. ಆ ಅಂಚಿನಲ್ಲಿ, ತೀರಾ ಕೆಳಗೆ, ಹನ್ನೆರಡು ಫ್ರೇಮುಗಳಷ್ಟು ಹೊತ್ತು ಹುಲ್ಲಿನ ಮೇಲೆ ಒಂದು ನೆರಳಿನ ತಲೆ ಮತ್ತು ಮೇಲೆತ್ತಿದ ಮೊಣಕೈ. ತಲೆಯ ಹಿಂದೆ ಗಾಳಿಗೆ ಎದ್ದ ಕೂದಲೋ ಬಟ್ಟೆಯೋ ಒಂದು ಹಾರುತ್ತದೆ. ಮಗಳು ಬಹಳ ಹೊತ್ತು ನೋಡಿದರು. “ಅಮ್ಮ ಕ್ಯಾಮೆರಾ ಮುಟ್ಟಿದ್ದನ್ನು ನಾನು ಕಂಡಿಲ್ಲ” ಎಂದರು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದನೆಯ ರೀಲಿನ ಮುಂದಿದ್ದ ಹೆಸರನ್ನು ಅಳಿಸಿ ಖಾಲಿ ಬಿಟ್ಟಿದ್ದೇನೆ. ಅವರ ಮಾತುಗಳನ್ನು ಧ್ವನಿಮುದ್ರಿಸಿ ಅದೇ ಕಡತದ ಜೊತೆಗಿಟ್ಟಿದ್ದೇನೆ.

ಹದಿನಾಲ್ಕನೆಯ ವಾರ

ಹತ್ತು ರೀಲು ಮುಗಿದವು. ಏನನ್ನೂ ಕಳೆದುಕೊಳ್ಳದೆ ಕುಗ್ಗಿಸುವ ಎಫ್‌ಎಫ್‌ವಿ1 ರೂಪದಲ್ಲಿ ಮೂಲ ಕಡತಗಳು, ಪ್ರತಿಯೊಂದಕ್ಕೂ ಕಡತ ಬದಲಾಗಿದೆಯೇ ಎಂದು ತಿಳಿಸುವ ಚೆಕ್‌ಸಮ್ ಅಂಕಿ, ಮೂರು ಪ್ರತಿ, ಅವುಗಳಲ್ಲಿ ಒಂದು ಮಗಳ ಮನೆಯಲ್ಲಿ. ಮೊನ್ನೆ ಚೆಕ್‌ಸಮ್ ತಾಳೆ ನೋಡಿದಾಗ ಎರಡನೆಯ ಡಿಸ್ಕಿನ ಒಂದು ಕಡತ ಹೊಂದಲಿಲ್ಲ. ನಕಲು ಮಾಡುವಾಗಲೇ ಕೆಟ್ಟಿತ್ತು. ತಾಳೆ ನೋಡದಿದ್ದರೆ ವರ್ಷಗಟ್ಟಲೆ ಗೊತ್ತಾಗುತ್ತಿರಲಿಲ್ಲ. ಫಿಲ್ಮುಗಳು ಹೊಸ ಡಬ್ಬಿಗಳಲ್ಲಿ, ಶೀತಕದಲ್ಲಿವೆ. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆಯುವವರ ಸಹವಾಸ ಬೇಡ.

ಉಳಿದದ್ದು ಒಂಬತ್ತನೆಯದು. ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿವೆ, ಪಟ್ಟಿ ಅಡ್ಡಕ್ಕೆ ಬಾಗಿದೆ. ಹೊರಗಿನ ಹನ್ನೊಂದು ಅಡಿಯನ್ನು ಮೂರು ದಿನಗಳಲ್ಲಿ ಬಿಡಿಸಿದ್ದೇನೆ. ಅದರಲ್ಲಿ ಗ್ಲೈಡರ್ ಒಂದನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಹಗ್ಗ ಬಿಗಿಯಾಗುತ್ತದೆ, ಮೂತಿ ಮೇಲೇಳುತ್ತದೆ, ಅಲ್ಲಿಂದ ಮುಂದೆ ಫಿಲ್ಮು ಅಂಟಿಕೊಂಡಿದೆ. ನಾಳೆ ಮತ್ತೆ ಎರಡು ಅಡಿ ಪ್ರಯತ್ನಿಸುತ್ತೇನೆ.